ಶೌಚಾಲಯ ಶುಚಿಗೆ ಮನೆಯಲ್ಲೇ ಮದ್ದು: ಯಾವುದು ಉಪಯುಕ್ತ, ಯಾವುದು ಅಪಾಯಕಾರಿ?

ಶೌಚಾಲಯ ತೊಳೆಯಲು ನಗರದ ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಎರಡು ವಸ್ತುಗಳು. ಒಂದು, ಅಂಗಡಿಯಲ್ಲಿ ಬಾಟಲಿಯಲ್ಲಿ ದೊರೆಯುವ ಗಾಢ ಬಣ್ಣದ ಆಮ್ಲೀಯ ದ್ರಾವಣ. ಇನ್ನೊಂದು, ಬ್ಲೀಚಿಂಗ್ ಪೌಡರ್ ಅಥವಾ ಅದೇ ಜಾತಿಯ ಬ್ಲೀಚ್ ದ್ರಾವಣ. ಇವೆರಡೂ ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇವುಗಳಿಂದ ಏಳುವ ಘಾಟು, ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಬಗ್ಗಿ ಉಜ್ಜುವವರ ಕಣ್ಣು, ಮೂಗು ಮತ್ತು ಶ್ವಾಸಕೋಶಕ್ಕೆ ತಗಲುತ್ತದೆ. ಆ ಕೆಲಸ ಮಾಡುವವರು ಹೆಚ್ಚಿನ ಮನೆಗಳಲ್ಲಿ ಗೃಹಿಣಿಯರು ಇಲ್ಲವೇ ಮನೆಗೆಲಸಕ್ಕೆ ಬರುವ ಮಹಿಳೆಯರು.

ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಿಟ್ಟಿನಲ್ಲಿ ಗಮನಾರ್ಹ. ಯುರೋಪಿನ ಆರು ಸಾವಿರಕ್ಕೂ ಅಧಿಕ ಮಂದಿಯನ್ನು ಸುಮಾರು 20 ವರ್ಷಗಳ ಕಾಲ ಗಮನಿಸಿದ ಈ ಅಧ್ಯಯನದ ಪ್ರಕಾರ, ಮನೆಯಲ್ಲಾಗಲಿ, ಉದ್ಯೋಗವಾಗಿಯಾಗಲಿ ಶುಚಿಗೊಳಿಸುವ ಕೆಲಸ ಮಾಡುತ್ತಿದ್ದ ಮಹಿಳೆಯರ ಶ್ವಾಸಕೋಶದ ಸಾಮರ್ಥ್ಯ ಇತರ ಮಹಿಳೆಯರಿಗಿಂತ ವೇಗವಾಗಿ ಕುಗ್ಗಿತ್ತು. ಅಡುಗೆಮನೆಯ ಸಾಮಗ್ರಿಗಳಿಂದಲೇ ಶೌಚಾಲಯವನ್ನು ಶುಚಿಯಾಗಿಡಲು ಸಾಧ್ಯವೇ ಎಂಬ ಪ್ರಶ್ನೆಗೆ ಮಹತ್ವ ಬರುವುದು ಇಲ್ಲಿಯೇ. ಸಾಧ್ಯವಿದೆ, ಆದರೆ ಯಾವ ಕೊಳೆಗೆ ಯಾವ ವಸ್ತು ಎಂಬುದನ್ನು ಮೊದಲು ಅರಿತಿರಬೇಕು.

ಕಲೆಗಳಲ್ಲಿ ಎಷ್ಟು ಬಗೆ?

ಕಮೋಡಿನ ಒಳಭಾಗದಲ್ಲಿ ಕಾಣುವ ಕಲೆಗಳೆಲ್ಲವೂ ಒಂದೇ ಬಗೆಯವಲ್ಲ. ನೀರು ನಿಲ್ಲುವ ಮಟ್ಟದಲ್ಲಿ ಉಂಗುರದಂತೆ ಕಟ್ಟಿಕೊಳ್ಳುವ ಬಿಳಿ ಅಥವಾ ಬೂದು ಬಣ್ಣದ ಗಟ್ಟಿ ಪದರು ಗಡಸು ನೀರಿನ ಕೊಡುಗೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಕ್ರಮೇಣ ಹರಳುಗಟ್ಟಿ ಪಿಂಗಾಣಿಗೆ ಅಂಟಿಕೊಳ್ಳುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಕೊಳವೆಬಾವಿಯನ್ನೇ ನಂಬಿರುವ ಬಡಾವಣೆಗಳಲ್ಲಿ ಬಕೆಟ್, ನಲ್ಲಿ, ಕಮೋಡುಗಳೆಲ್ಲ ಬೇಗನೆ ಬಿಳಿಚಿಕೊಳ್ಳುವುದಕ್ಕೆ ಈ ಗಡಸುತನವೇ ಕಾರಣ.

ಹಳದಿ ಪದರು ಮೂತ್ರದ ಲವಣಗಳಿಂದ ಆಗುವಂಥದ್ದು. ಕೆಂಪು ಮಿಶ್ರಿತ ಕಂದು ಗೆರೆಗಳು ನೀರಿನಲ್ಲಿನ ಅಥವಾ ಹಳೆಯ ಕೊಳವೆಯಲ್ಲಿನ ಕಬ್ಬಿಣದ ತುಕ್ಕಿನವು. ಲೋಳೆಯಂತೆ ಜಾರುವ ಪದರು ಸೂಕ್ಷ್ಮಜೀವಿಗಳದ್ದು. ನೆಲದ ಮೇಲಿನ ಜಿಡ್ಡು ಬಹುತೇಕ ಸಾಬೂನು ಮತ್ತು ಮೈಕೊಳೆಯದ್ದು. ಇವುಗಳಲ್ಲಿ ಮೊದಲ ಮೂರು ಆಮ್ಲಕ್ಕೆ ಕರಗುತ್ತವೆ. ಜಿಡ್ಡು ಮತ್ತು ಲೋಳೆ ಸಾಬೂನು, ಸೋಡಾದಂತಹ ಕ್ಷಾರೀಯ ವಸ್ತುಗಳಿಗೆ ಬಗ್ಗುತ್ತವೆ. ಯಾವ ಕಲೆ ಎಂಬ ಅನುಮಾನವಿದ್ದರೆ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಬಹುದು. ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣದ ಅಂಶವಿರುವ ಪದರೆಂದು ತಿಳಿಯಬೇಕು.

ಗಟ್ಟಿ ಪದರಿಗೆ ನಿಂಬೆ ಉಪ್ಪು

ಅಂಗಡಿಯ ಶೌಚಾಲಯ ದ್ರಾವಣಗಳಲ್ಲಿ ಅನೇಕವು ಶೇ 10ರ ಆಸುಪಾಸಿನ ಹೈಡ್ರೋಕ್ಲೋರಿಕ್ ಆಮ್ಲವನ್ನು ಹೊಂದಿರುತ್ತವೆ. ಅದು ಪ್ರಬಲ ಆಮ್ಲವಾದ್ದರಿಂದ ಕೆಲವೇ ನಿಮಿಷಗಳಲ್ಲಿ ಪದರನ್ನು ಕರಗಿಸುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಮತ್ತು ವಿನೆಗರಿನ ಅಸಿಟಿಕ್ ಆಮ್ಲಗಳು ದುರ್ಬಲ ಆಮ್ಲಗಳು. ಅವೂ ಅದೇ ಕೆಲಸವನ್ನು ಮಾಡುತ್ತವೆ, ಆದರೆ ನಿಧಾನವಾಗಿ. ಹೀಗಾಗಿ ಸುರಿದ ತಕ್ಷಣ ಉಜ್ಜಿ, ಫಲ ಕಾಣಲಿಲ್ಲವೆಂದು ಕೈಬಿಡುವುದು ಸರಿಯಲ್ಲ. ರಾತ್ರಿಯಿಡೀ ಬಿಡುವುದು ಅಗತ್ಯ.

ದಿನಸಿ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ಸಿಗುವ ಬಿಳಿ ಹರಳುಗಳೇ ಸಿಟ್ರಿಕ್ ಆಮ್ಲ. ಬಳಸುವ ಕ್ರಮ ಹೀಗಿದೆ:

1. ರಾತ್ರಿ ಎಲ್ಲರೂ ಶೌಚಾಲಯ ಬಳಸಿದ ಬಳಿಕ, ಕಮೋಡಿನಲ್ಲಿ ನಿಂತ ನೀರನ್ನು ಬ್ರಷ್‌ನಿಂದ ಒಳಕ್ಕೆ ನೂಕಿ ಮಟ್ಟವನ್ನು ತಗ್ಗಿಸಬೇಕು. ನೀರು ಹೆಚ್ಚಿದ್ದಷ್ಟೂ ಆಮ್ಲ ತೆಳುವಾಗುತ್ತದೆ.

2. ಎರಡರಿಂದ ಮೂರು ದೊಡ್ಡ ಚಮಚ ನಿಂಬೆ ಉಪ್ಪನ್ನು ಉಂಗುರದ ಸುತ್ತ ಬೀಳುವಂತೆ ಹಾಕಿ, ಒಂದು ಚೊಂಬು ಬಿಸಿ ನೀರನ್ನು ಮೆಲ್ಲಗೆ ಸುರಿಯಬೇಕು. ಕುದಿಯುವ ನೀರು ಸಲ್ಲದು. ಹಠಾತ್ ಶಾಖಕ್ಕೆ ಪಿಂಗಾಣಿ ಬಿರುಕು ಬಿಡುವ ಸಂಭವವಿದೆ.

3. ನೀರಿನ ಮಟ್ಟಕ್ಕಿಂತ ಮೇಲಿರುವ ಕಲೆಗಳಿಗೆ, ಹಳೆಯ ಹತ್ತಿ ಬಟ್ಟೆಯನ್ನು ಇದೇ ದ್ರಾವಣದಲ್ಲಿ ಅದ್ದಿ ಒಂದೆರಡು ಗಂಟೆ ಅಂಟಿಸಿಡಬೇಕು. ಬಟ್ಟೆಯನ್ನು ತೆಗೆದ ನಂತರವಷ್ಟೇ ಫ್ಲಷ್ ಮಾಡಬೇಕು.

4. ಬೆಳಗ್ಗೆ ಬ್ರಷ್‌ನಿಂದ ಉಜ್ಜಿ ನೀರು ಬಿಡಬೇಕು. ಹಲವು ವರ್ಷಗಳ ಪದರಾದರೆ ಮೂರ್ನಾಲ್ಕು ರಾತ್ರಿ ಇದನ್ನೇ ಪುನರಾವರ್ತಿಸಬೇಕಾಗುತ್ತದೆ.

ನಿಂಬೆ ಉಪ್ಪು ದೊರೆಯದಿದ್ದಲ್ಲಿ ಶೇ 4ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರನ್ನು ನೀರು ಬೆರೆಸದೆ ಒಂದು ಕಪ್‌ನಷ್ಟು ಬಳಸಬಹುದು. ಹಿಂಡಿದ ನಿಂಬೆ ಸಿಪ್ಪೆಯಿಂದ ನಲ್ಲಿ, ವಾಷ್ ಬೇಸಿನ್ನುಗಳ ತೆಳು ಕಲೆಗಳನ್ನು ತಿಕ್ಕಿ ತೆಗೆಯಬಹುದು. ಆದರೆ ಲೋಹದ ಮೇಲೆ ಹುಳಿಯನ್ನು ಬಹಳ ಹೊತ್ತು ಬಿಡದೆ ನೀರಿನಿಂದ ತೊಳೆಯಬೇಕು. ಕಬ್ಬಿಣದ ಕಲೆಗೆ ಸಿಟ್ರಿಕ್ ಆಮ್ಲ ವಿಶೇಷವಾಗಿ ಒಳ್ಳೆಯದು. ಬ್ಲೀಚ್‌ನಿಂದ ತುಕ್ಕಿನ ಕಲೆ ಹೋಗುವುದಿಲ್ಲ. ಬದಲಿಗೆ ಇನ್ನಷ್ಟು ಗಾಢವಾಗಬಹುದು.

ನಿತ್ಯದ ಶುಚಿಗೆ ಸೋಡಾ, ಅಂಟುವಾಳ

ಜಿಡ್ಡು ಮತ್ತು ವಾಸನೆಗೆ ಅಡುಗೆ ಸೋಡಾ ಉಪಯುಕ್ತ. ಇದು ಸೌಮ್ಯ ಕ್ಷಾರ; ಪುಡಿಯ ಕಣಗಳು ಪಿಂಗಾಣಿಯನ್ನು ಗೀರದೆ ಉಜ್ಜಲು ನೆರವಾಗುತ್ತವೆ. ಅರ್ಧ ಕಪ್ ಸೋಡಾವನ್ನು ಒದ್ದೆಯಾದ ಒಳಮೈಗೆ ಉದುರಿಸಿ, ಅರ್ಧ ಗಂಟೆ ಬಿಟ್ಟು, ಸ್ವಲ್ಪ ಸಾಬೂನು ನೀರಿನೊಂದಿಗೆ ಉಜ್ಜಿದರೆ ವಾರದ ಕೊಳೆ ಹೋಗುತ್ತದೆ. ಜಿಡ್ಡು ಹೆಚ್ಚಿರುವ ನೆಲಕ್ಕೆ ಬಟ್ಟೆ ಒಗೆಯುವ ಸೋಡಾ ಮತ್ತಷ್ಟು ಪ್ರಬಲ. ಆದರೆ ಅದು ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಧರಿಸಬೇಕು.

ನಮ್ಮ ಹಿರಿಯರು ಬಟ್ಟೆಗೂ ತಲೆಗೂ ಬಳಸುತ್ತಿದ್ದ ಅಂಟುವಾಳಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದೆ. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ ಸೋಸಿಕೊಂಡರೆ ನೆಲ ಮತ್ತು ಕಮೋಡಿಗೆ ಬೇಕಾದ ಸಾಬೂನು ನೀರು ಸಿದ್ಧ. ಇದು ಬೇಗ ಕೆಡುವುದರಿಂದ ಕೆಲವು ದಿನಗಳಿಗೆ ಸಾಕಾಗುವಷ್ಟು ಮಾತ್ರ ತಯಾರಿಸಿಕೊಳ್ಳುವುದು ಸೂಕ್ತ. ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗುತ್ತದೆ.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಬೇಡ

ಸೋಡಾದ ಮೇಲೆ ವಿನೆಗರ್ ಸುರಿದಾಗ ಭರ್ರೆಂದು ನೊರೆ ಏಳುತ್ತದೆ. ಈ ನೊರೆಯೇ ಕೊಳೆಯನ್ನು ಕಿತ್ತುಹಾಕುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ನೊರೆಯಲ್ಲಿರುವುದು ಇಂಗಾಲದ ಡೈ ಆಕ್ಸೈಡ್ ಅನಿಲ. ಆಮ್ಲವೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿ, ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಬೆರೆತ ನೀರು. ಶೇ 5ರ 100 ಮಿಲಿಲೀಟರ್ ವಿನೆಗರಿನಲ್ಲಿರುವ ಆಮ್ಲವನ್ನೆಲ್ಲ ಸುಮಾರು 7 ಗ್ರಾಂ, ಅಂದರೆ ಒಂದೂವರೆ ಚಹಾ ಚಮಚದಷ್ಟು ಸೋಡಾ ನಿಷ್ಕ್ರಿಯಗೊಳಿಸಬಲ್ಲದು. ನೊರೆಯ ರಭಸಕ್ಕೆ ಸಡಿಲ ಕೊಳೆ ಸ್ವಲ್ಪ ಮೇಲೇಳಬಹುದೇ ಹೊರತು, ಪದರು ಕರಗಲು ಬೇಕಾದ ಆಮ್ಲ ಅಲ್ಲಿ ಉಳಿದಿರುವುದಿಲ್ಲ. ಮೊದಲು ಸೋಡಾದಿಂದ ಉಜ್ಜಿ ತೊಳೆದು, ಅನಂತರ ಪ್ರತ್ಯೇಕವಾಗಿ ಹುಳಿಯನ್ನು ಬಳಸುವುದೇ ಸರಿಯಾದ ಕ್ರಮ. ಇವೆರಡನ್ನೂ ಬೆರೆಸಿ ಬಾಟಲಿಯಲ್ಲಿ ಮುಚ್ಚಿಡುವುದಂತೂ ಕೂಡದು. ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

ಸಿಪ್ಪೆಯಿಂದ ಬಯೋ ಎಂಜೈಮ್

ನಗರಗಳಲ್ಲಿ ಹಸಿ ಕಸವನ್ನು ಮನೆಯಲ್ಲೇ ವಿಲೇವಾರಿ ಮಾಡುವವರ ನಡುವೆ ಬಯೋ ಎಂಜೈಮ್ ಜನಪ್ರಿಯವಾಗಿದೆ. ಈ ವಿಧಾನವನ್ನು ಪ್ರಚುರಪಡಿಸಿದವರು ಥಾಯ್ಲೆಂಡಿನ ರೊಸುಕೊನ್ ಪೂಂಪನ್ವಾಂಗ್. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಕಿತ್ತಳೆ, ಮೋಸಂಬಿ ಮುಂತಾದವುಗಳ ಸಿಪ್ಪೆ, ಹತ್ತು ಪಾಲು ನೀರು ಎಂಬುದು ಇದರ ಲೆಕ್ಕ. ಉದಾಹರಣೆಗೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ ಮತ್ತು ಒಂದು ಲೀಟರ್ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ಸಾಕಷ್ಟು ಜಾಗ ಬಿಟ್ಟು ತುಂಬಬೇಕು. ಹುದುಗುವಾಗ ಅನಿಲ ಉತ್ಪತ್ತಿಯಾಗುವುದರಿಂದ ಗಾಜಿನ ಬಾಟಲಿ ಬೇಡ. ಮೊದಲ ತಿಂಗಳು ಪ್ರತಿದಿನ ಮುಚ್ಚಳ ಸಡಿಲಿಸಿ ಅನಿಲ ಹೊರಬಿಡಬೇಕು. ಮೂರು ತಿಂಗಳ ಬಳಿಕ ಸೋಸಿಕೊಂಡರೆ ಹುಳಿ ವಾಸನೆಯ ಕಂದು ದ್ರಾವಣ ದೊರೆಯುತ್ತದೆ.

ಇದನ್ನು ಅರ್ಧ ಕಪ್‌ನಷ್ಟು ಕಮೋಡಿಗೆ ಸುರಿದು ರಾತ್ರಿ ಬಿಡಬಹುದು. ನೆಲ ಒರೆಸಲು ಹತ್ತು ಪಟ್ಟು ನೀರು ಬೆರೆಸಬಹುದು. ಇದರ ಶುಚಿಕಾರಕ ಗುಣಕ್ಕೆ ಹುದುಗುವಿಕೆಯಲ್ಲಿ ಉಂಟಾಗುವ ಅಸಿಟಿಕ್ ಮತ್ತಿತರ ಸಾವಯವ ಆಮ್ಲಗಳೇ ಮುಖ್ಯ ಕಾರಣ. ಆದ್ದರಿಂದ ಇದನ್ನು ಸರ್ವರೋಗಾಣು ನಾಶಕವೆಂದು ಭಾವಿಸಬಾರದು.

ಎಂದೂ ಬೆರೆಸಬಾರದ ವಸ್ತುಗಳು

ಬ್ಲೀಚ್‌ಗೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಅಸ್ತ್ರವಾಗಿ ಬಳಕೆಯಾದದ್ದು ಇದೇ ಅನಿಲ. ಅಂಗಡಿಯ ಆಮ್ಲೀಯ ದ್ರಾವಣಕ್ಕೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಹೆಚ್ಚು ಬಿಳುಪಾಗುತ್ತದೆಂಬ ಭ್ರಮೆಯಿಂದ ಈ ಅನಾಹುತವಾಗುವುದುಂಟು. ವಿನೆಗರ್, ನಿಂಬೆ ಉಪ್ಪು, ಬಯೋ ಎಂಜೈಮ್‌ಗಳೂ ಆಮ್ಲಗಳೇ ಎಂಬುದನ್ನು ಮರೆಯಬಾರದು. ನೈಸರ್ಗಿಕವೆಂದ ಮಾತ್ರಕ್ಕೆ ಅವು ಈ ನಿಯಮದಿಂದ ಹೊರತಲ್ಲ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣಗಳನ್ನೂ ಬ್ಲೀಚ್ ಜತೆ ಬಳಸಬಾರದು. ಅದರಿಂದ ಕ್ಲೋರಮಿನ್ ಎಂಬ ವಿಷಾನಿಲ ಹುಟ್ಟುತ್ತದೆ.

ಘಾಟು ಎದ್ದು ಕೆಮ್ಮು, ಕಣ್ಣುರಿ ಬಂದಲ್ಲಿ ತಕ್ಷಣ ಹೊರಬಂದು ಶುದ್ಧ ಗಾಳಿಗೆ ಹೋಗಬೇಕು. ತೊಳೆದುಬಿಡೋಣವೆಂದು ಮತ್ತೆ ಒಳಹೋಗಬಾರದು. ಉಸಿರಾಟದ ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಕಣ್ಣಿಗೆ ದ್ರಾವಣ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಬಿಡಿಯಾಗಿ ಮಾರುವ ಆ್ಯಸಿಡ್ ತಂದು ಶೌಚಾಲಯ ತೊಳೆಯುವ ಹಳೆಯ ರೂಢಿಯನ್ನೂ ಕೈಬಿಡುವುದು ಕ್ಷೇಮ. ಆ್ಯಸಿಡ್ ದಾಳಿ ಪ್ರಕರಣಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ನೀಡಿದ ಆದೇಶವು ಇಂಥ ಮಾರಾಟಕ್ಕೆ ಕಡಿವಾಣ ಹಾಕಿದೆ. ಕೊಳ್ಳುವವರ ಗುರುತಿನ ಚೀಟಿ ಮತ್ತು ವಿವರಗಳನ್ನು ಅಂಗಡಿಯವರು ದಾಖಲಿಸಿಕೊಳ್ಳಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ.

ರೋಗಿಗಳಿರುವ ಮನೆಯಲ್ಲಿ

ಮನೆಮದ್ದಿಗೆ ಒಂದು ಮಿತಿಯಿದೆ. ವಿನೆಗರ್ ಮತ್ತು ಸೋಡಾಗಳು ಕೊಳೆಯನ್ನು ತೆಗೆಯುತ್ತವೆ, ಆದರೆ ವಾಂತಿಭೇದಿಯ ರೋಗಾಣುಗಳನ್ನು ಭರವಸೆಯಿಂದ ಕೊಲ್ಲಲಾರವು. ಮನೆಯಲ್ಲಿ ಅಂಥ ಕಾಯಿಲೆಯವರಿದ್ದಾಗ ಬ್ಲೀಚ್ ಬಳಸುವುದೇ ಉಚಿತ. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಒಂದು ಪಾಲಿಗೆ 49 ಪಾಲು ನೀರು ಸೇರಿಸಿದರೆ ಶೇ 0.1ರ ದ್ರಾವಣವಾಗುತ್ತದೆ. ಮೊದಲು ಸಾಬೂನಿನಿಂದ ತೊಳೆದು, ಅನಂತರ ಇದನ್ನು ಬಳಿದು, ಹತ್ತು ನಿಮಿಷ ಬಿಟ್ಟು ನೀರು ಹಾಕಬೇಕು. ಕಿಟಕಿ, ಬಾಗಿಲು ತೆರೆದಿರಲಿ. ಆ ದಿನ ಹುಳಿ ಪದಾರ್ಥಗಳನ್ನು ಮುಟ್ಟದಿರುವುದು ಒಳಿತು.

ನೆಲ, ಗುಂಡಿ ಮತ್ತು ವಾಸನೆ

ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ಕಡಪ ಕಲ್ಲು ಮತ್ತು ಅಮೃತಶಿಲೆಗಳಲ್ಲಿ ಸುಣ್ಣದ ಅಂಶವಿರುವುದರಿಂದ ನಿಂಬೆ ಅಥವಾ ವಿನೆಗರ್ ಬಿದ್ದ ಕಡೆ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಮೊಸಾಯಿಕ್, ರೆಡ್ ಆಕ್ಸೈಡ್ ನೆಲಗಳಿಗೂ ಟೈಲ್ಸ್ ನಡುವಿನ ಸಿಮೆಂಟಿಗೂ ಇದೇ ಗತಿ. ಇಂಥ ನೆಲಗಳಿಗೆ ಅಂಟುವಾಳದ ನೀರು ಅಥವಾ ಸೌಮ್ಯ ಸಾಬೂನೇ ಸಾಕು. ಫ್ಲಷ್ ಟ್ಯಾಂಕಿನೊಳಗೂ ಆಮ್ಲ ಹಾಕಬಾರದು. ರಬ್ಬರ್ ವಾಷರ್‌ಗಳು ಹಾಳಾಗುತ್ತವೆ.

ಒಳಚರಂಡಿ ಸಂಪರ್ಕವಿಲ್ಲದ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಮಲವನ್ನು ಕೊಳೆಯಿಸುವುದು ಬ್ಯಾಕ್ಟೀರಿಯಾಗಳೇ. ಬ್ಲೀಚ್ ಮತ್ತು ಪ್ರಬಲ ಆಮ್ಲಗಳನ್ನು ಪದೇಪದೇ ಸುರಿದರೆ ಅವು ಸಾಯುತ್ತವೆ, ಗುಂಡಿ ಬೇಗ ತುಂಬುತ್ತದೆ. ಅಲ್ಲಿ ಮಿತ ಪ್ರಮಾಣದ ನಿಂಬೆ ಉಪ್ಪು, ಸೋಡಾಗಳು ಹೆಚ್ಚು ಹೊಂದಿಕೆಯಾಗುತ್ತವೆ.

ಎಷ್ಟು ತೊಳೆದರೂ ದುರ್ವಾಸನೆ ಹೋಗದಿದ್ದರೆ ಕಾರಣ ಬೇರೆಯಿರಬಹುದು. ಬಳಕೆಯಿಲ್ಲದ ಸ್ನಾನಗೃಹದ ನಹನಿ ಟ್ರ್ಯಾಪ್‌ನಲ್ಲಿ ನಿಂತ ನೀರು ಆರಿಹೋದಾಗ ಚರಂಡಿಯ ಗಾಳಿ ನೇರವಾಗಿ ಮೇಲೆ ಬರುತ್ತದೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿದರೆ ಸಾಕು.

ಸಂಗ್ರಹದಲ್ಲಿ ಎಚ್ಚರ

ನಿಂಬೆ ಉಪ್ಪು ನೋಡಲು ಸಕ್ಕರೆ, ಉಪ್ಪುಗಳನ್ನೇ ಹೋಲುತ್ತದೆ. ಶುಚಿಗೆಂದು ತಂದದ್ದನ್ನು ಅಡುಗೆಮನೆಯಲ್ಲಿಡದೆ, ಹೆಸರು ಬರೆದು, ಮಕ್ಕಳ ಕೈಗೆಟುಕದಂತೆ ಇಡಬೇಕು. ತಂಪು ಪಾನೀಯದ ಖಾಲಿ ಬಾಟಲಿಗಳಲ್ಲಿ ಯಾವುದೇ ದ್ರಾವಣ ತುಂಬಬಾರದು. ಯಾರಾದರೂ ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಲು ಯತ್ನಿಸದೆ, ಬಾಟಲಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ಯಬೇಕು.

ರಾತ್ರಿ ಕಮೋಡಿಗೆ ಏನನ್ನು ಹಾಕಲಾಗಿದೆ ಎಂಬುದನ್ನು ಬೆಳಗ್ಗೆ ಅದನ್ನು ಉಜ್ಜುವವರಿಗೆ ತಿಳಿಸುವುದನ್ನು ಮರೆಯಬಾರದು. ಮನೆಯೊಡತಿ ಹಾಕಿಟ್ಟ ಹುಳಿಯ ಮೇಲೆ ಕೆಲಸದಾಕೆ ಅರಿಯದೆ ಬ್ಲೀಚಿಂಗ್ ಪೌಡರ್ ಸುರಿದರೆ ಅಪಾಯ ಆಕೆಗೇ. ಒಂದು ಮನೆಯಲ್ಲಿ ಒಂದೇ ಪದ್ಧತಿ ಎಂದು ನಿಶ್ಚಯಿಸಿಕೊಂಡು, ಕೈಗವಸು ಒದಗಿಸಿ, ಕಿಟಕಿ ತೆರೆದಿಡುವುದು ಎಲ್ಲರಿಗೂ ಕ್ಷೇಮಕರ.