ಅರವತ್ತೈದು ಅಡಿಯ ಗಡಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕೆಯ ಕೊಲರಾಡೊ ರಾಜ್ಯದಿಂದ ದೂರವಾಣಿ ಮಾಡಿದ್ದ. ಪಿಕಪ್ ವಾಹನವೊಂದರ ಹಿಂದೆ ಮನೆಯಂಥ ಟ್ರೇಲರನ್ನು ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಕ್ಯಾಲಿಫೋರ್ನಿಯಾದ ಕಡಲ ತೀರದವರೆಗೆ ಹೋಗಿಬರುವ ಯೋಜನೆ ಅವನದು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದು ಸಂದೇಹ ಮುಂದಿಟ್ಟ. "ಮೇಷ್ಟ್ರೇ, ನಮ್ಮ ಕೊಲರಾಡೊದಲ್ಲಿ ಎಳೆಯುವ ವಾಹನ, ಎಳೆಸಿಕೊಳ್ಳುವ ಟ್ರೇಲರ್ ಎರಡೂ ಸೇರಿ 70 ಅಡಿ ಉದ್ದವಿರಬಹುದು. ಕ್ಯಾಲಿಫೋರ್ನಿಯಾದಲ್ಲಿ 65 ಅಡಿಗೇ ನಿಲ್ಲಿಸಿದ್ದಾರೆ. ಒಂದೇ ದೇಶ, ಒಂದೇ ಹೆದ್ದಾರಿ, ಅದೇ ಗಾಡಿ. ಗಡಿ ದಾಟಿದೊಡನೆ ಐದಡಿ ಏಕೆ ಹೋಗಬೇಕು?"

ಅವನ ಗಾಡಿ ಎರಡೂ ಮಿತಿಗಳಿಗಿಂತ ಚಿಕ್ಕದಾದ್ದರಿಂದ ಪ್ರಯಾಣಕ್ಕೇನೂ ತೊಡಕಿರಲಿಲ್ಲ. ಆದರೆ ಏಳನೆಯ ತರಗತಿಯಲ್ಲಿ ಕೂಡ ಈ ಹುಡುಗ ಹೀಗೆಯೇ ಗಂಟೆ ಬಾರಿಸಿದ ಮೇಲೆ ಪ್ರಶ್ನೆ ಕೇಳುತ್ತಿದ್ದನೆಂಬುದು ನೆನಪಾಯಿತು. ಅಂದು ದೂರವಾಣಿಯಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಆ ದೇಶದ ರಚನೆ. ನಮ್ಮಲ್ಲಿ ವಾಹನಗಳ ಉದ್ದ, ಅಗಲ, ಎತ್ತರಗಳನ್ನು 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಕೇಂದ್ರ ಸರ್ಕಾರವು ಗೊತ್ತುಪಡಿಸುತ್ತದೆ. ಆದ್ದರಿಂದ ಹುಬ್ಬಳ್ಳಿಯ ಲಾರಿ ಕೊಲ್ಲಾಪುರಕ್ಕೆ ಹೋದರೆ ಅಳತೆಪಟ್ಟಿ ಬದಲಾಗುವುದಿಲ್ಲ. ಅಮೆರಿಕೆಯಲ್ಲಿ ಹಾಗಲ್ಲ. ಅಲ್ಲಿ ರಸ್ತೆಯನ್ನು ಕಟ್ಟಿದವರು, ಕಾಯುವವರು, ದುರಸ್ತಿ ಮಾಡಿಸುವವರು ರಾಜ್ಯಗಳವರು. ಅದರ ಮೇಲೆ ಎಂಥ ಗಾಡಿ ಓಡಬೇಕೆಂದು ಹೇಳುವ ಅಧಿಕಾರವೂ ತಮ್ಮದೇ ಎಂದು ಅವರು ಮೊದಲಿನಿಂದ ಹಿಡಿದುಕೊಂಡು ಬಂದರು. 1913ರಲ್ಲಿ ಮೇಯ್ನ್, ಮ್ಯಾಸಚುಸೆಟ್ಸ್, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ರಾಜ್ಯಗಳು ಲಾರಿಗಳ ಭಾರಕ್ಕೆ ಮೊದಲ ಮಿತಿ ಹಾಕಿದವು. ಆ ಕಾಲದ ಲಾರಿಗಳಿಗೆ ಗಾಳಿ ತುಂಬಿದ ಟೈರುಗಳಿರಲಿಲ್ಲ. ಗಟ್ಟಿ ರಬ್ಬರಿನ ಗಾಲಿಗಳು ಮಣ್ಣು ಜಲ್ಲಿಯ ರಸ್ತೆಯನ್ನು ಸೀಳಿಬಿಡುತ್ತಿದ್ದವು. ಭಾರದ ಬೆನ್ನಿಗೆ ಅಗಲ, ಎತ್ತರ, ಉದ್ದಗಳ ಮಿತಿಗಳೂ ಬಂದವು. ಪ್ರತಿ ರಾಜ್ಯವೂ ತನ್ನ ಸೇತುವೆ, ತನ್ನ ತಿರುವು, ತನ್ನ ಬೊಕ್ಕಸ ನೋಡಿಕೊಂಡು ತನಗೆ ತೋಚಿದ ಅಂಕಿಯನ್ನು ಬರೆಯಿತು. ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವು 1932ರಲ್ಲಿಯೂ 1946ರಲ್ಲಿಯೂ ಏಕರೂಪದ ಅಳತೆಗಳನ್ನು ಸೂಚಿಸಿತು. ಸೂಚನೆ ಸೂಚನೆಯಾಗಿಯೇ ಉಳಿಯಿತು.

ಈ ಮಿತಿಗಳ ಹಿಂದೆ ಬರಿಯ ಸುರಕ್ಷತೆಯೊಂದೇ ಇತ್ತೆಂದು ನಂಬುವಷ್ಟು ಮುಗ್ಧತೆ ಬೇಡ. ಟೆಕ್ಸಾಸ್ ರಾಜ್ಯವು ಲಾರಿಗಳ ಹೊರೆಯನ್ನು 7,000 ಪೌಂಡಿಗೆ ಮಿತಗೊಳಿಸಿದಾಗ, ರೈಲು ನಿಲ್ದಾಣಕ್ಕೆ ಸರಕು ಒಯ್ಯುವ ಲಾರಿಗಳಿಗೆ ಮಾತ್ರ ರಿಯಾಯಿತಿ ತೋರಿಸಿತ್ತು. ರೈಲಿನ ವ್ಯಾಪಾರವನ್ನು ಲಾರಿ ಕಸಿಯಬಾರದೆಂಬ ಆಸೆ ಅದರಲ್ಲಿ ಕಾಣದಿರುವುದಿಲ್ಲ. ಆದರೂ 1932ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. 1938ರಲ್ಲಿ ಸೌತ್ ಕ್ಯಾರೊಲಿನಾ ರಾಜ್ಯದ ಮೊಕದ್ದಮೆ ಬಂತು. ಸಾಮಾನ್ಯ ಲಾರಿಗಳು 96 ಅಂಗುಲ ಅಗಲವಿದ್ದ ಕಾಲದಲ್ಲಿ ಆ ರಾಜ್ಯ 90 ಅಂಗುಲವೆಂದು ನಿಯಮ ಮಾಡಿತ್ತು. ನ್ಯಾಯಮೂರ್ತಿ ಸ್ಟೋನ್ ಅವರು ತೀರ್ಪು ಬರೆದು, ರಸ್ತೆ ರಾಜ್ಯದ್ದು, ಅದರ ರಕ್ಷಣೆ ಹೇಗೆಂಬುದನ್ನು ಶಾಸನಸಭೆಯೇ ತೂಗಿ ನೋಡಲಿ ಎಂದರು.

ಅದೇ ಸ್ಟೋನ್ ಅವರು ಏಳು ವರ್ಷಗಳ ತರುವಾಯ, ಮುಖ್ಯ ನ್ಯಾಯಮೂರ್ತಿಯ ಪೀಠದಿಂದ, ಉದ್ದದ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟರು. ಈ ಬಾರಿ ವಿಷಯ ರಸ್ತೆಯದಲ್ಲ, ರೈಲಿನದು. ಅರಿಜೋನ ರಾಜ್ಯ 1912ರಲ್ಲಿ ಮಾಡಿದ್ದ ಕಾಯಿದೆಯಂತೆ ಪ್ರಯಾಣಿಕರ ರೈಲಿಗೆ 14 ಬೋಗಿ, ಸರಕು ರೈಲಿಗೆ 70 ಬೋಗಿಗಳಿಗಿಂತ ಹೆಚ್ಚು ಕಟ್ಟುವಂತಿರಲಿಲ್ಲ. ಸದರನ್ ಪೆಸಿಫಿಕ್ ಕಂಪನಿಯ ಉದ್ದನೆಯ ರೈಲುಗಳನ್ನು ಪೂರ್ವದಲ್ಲಿ ಟೆಕ್ಸಾಸಿನ ಎಲ್ ಪಾಸೊದಲ್ಲಿಯೇ ತುಂಡು ಮಾಡಬೇಕು, ಪಶ್ಚಿಮದಲ್ಲಿ ಲಾಸ್ ಏಂಜಲೀಸಿನಲ್ಲಿಯೇ ತುಂಡು ಮಾಡಬೇಕು. ಅರಿಜೋನದ ನಿಯಮ ಹೀಗೆ ಅರಿಜೋನದ ಹೊರಗೂ ಆಳುತ್ತಿತ್ತು. ಆ ರಾಜ್ಯದಲ್ಲಿ ಓಡಾಡುತ್ತಿದ್ದ ಎರಡು ರೈಲು ಕಂಪನಿಗಳಿಗೆ ಇದರಿಂದ ವರ್ಷಕ್ಕೆ ಸುಮಾರು 10 ಲಕ್ಷ ಡಾಲರುಗಳ ಹೆಚ್ಚುವರಿ ವೆಚ್ಚ. 1945ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದುಪಡಿಸಿತು. ರಾಜ್ಯಗಳ ನಡುವಣ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರವನ್ನು ಸಂವಿಧಾನ ಕೇಂದ್ರಕ್ಕೆ ಒಪ್ಪಿಸಿರುವಾಗ, ಒಂದು ರಾಜ್ಯ ಇಡೀ ದೇಶದ ಸಾಗಾಟಕ್ಕೆ ಇಂಥ ಅಡಚಣೆ ಒಡ್ಡಲಾಗದು ಎಂಬುದು ತೀರ್ಪಿನ ತಿರುಳು.

ಈ ತೀರ್ಪನ್ನು ಸಲೀಸಾಗಿ ಮೆಚ್ಚಿಬಿಡಲು ನನಗೆ ಮನಸ್ಸಾಗುವುದಿಲ್ಲ. ಬೋಗಿ ಬೋಗಿಗಳ ನಡುವಣ ಕೊಂಡಿಗಳಲ್ಲಿ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಗಾಡಿ ಹೊರಡುವಾಗ, ನಿಲ್ಲುವಾಗ ಆ ಸಡಿಲೆಲ್ಲ ಒಂದರ ಮೇಲೊಂದು ಕೂಡಿಕೊಂಡು ಕೊನೆಯ ಬೋಗಿಗೆ ಬರುವ ವೇಳೆಗೆ ದೊಡ್ಡ ಧಕ್ಕೆಯಾಗುತ್ತದೆ. ರೈಲು ಉದ್ದವಾದಷ್ಟೂ ಧಕ್ಕೆ ಜೋರು. ಅದರಿಂದ ಗಾಯಗೊಳ್ಳುತ್ತಿದ್ದವರು ರೈಲಿನ ಕೊನೆಯಲ್ಲಿ ಕೆಲಸ ಮಾಡುವ ನೌಕರರು. ಅರಿಜೋನದ ಕಾಯಿದೆ ಅವರ ಮೈಕೈಗಳನ್ನು ಕಾಯಲೆಂದು ಹುಟ್ಟಿದ್ದು. ರೈಲುಗಳನ್ನು ತುಂಡು ಮಾಡಿದರೆ ಅವುಗಳ ಸಂಖ್ಯೆ ಹೆಚ್ಚಿ ಬೇರೆ ಬಗೆಯ ಅಪಘಾತಗಳು ಹೆಚ್ಚುತ್ತವೆ, ಆದ್ದರಿಂದ ಒಟ್ಟಾರೆ ಲಾಭವಿಲ್ಲ ಎಂದು ಬಹುಮತದವರು ಲೆಕ್ಕ ಹಾಕಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ಲ್ಯಾಕ್ ಅವರು, ನೌಕರರ ಪ್ರಾಣ ಎಷ್ಟು, ಕಂಪನಿಯ ಹಣ ಎಷ್ಟು ಎಂದು ತೂಗುವ ಕೆಲಸ ಜನರು ಆರಿಸಿದ ಶಾಸನಸಭೆಯದು, ನಮ್ಮದಲ್ಲ ಎಂದು ವಾದಿಸಿದರು. ಬ್ಲ್ಯಾಕ್ ಅವರ ಮಾತಿಗೆ ಇಂದಿಗೂ ತೂಕವಿದೆಯೆಂದು ನನ್ನ ಭಾವನೆ.

ಈ ಮಧ್ಯೆ ನಮ್ಮ ವಿಹಾರದ ಟ್ರೇಲರು ಎಲ್ಲಿತ್ತು? 1930ರ ಸುಮಾರಿಗೆ ಡೆಟ್ರಾಯಿಟಿನ ಆರ್ಥರ್ ಶೆರ್ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ತನ್ನ ಕುಟುಂಬಕ್ಕೆಂದು ಮಾಡಿಕೊಂಡ ಚಿಕ್ಕ ಮನೆಬಂಡಿ ಒಂದು ಉದ್ಯಮವೇ ಆಯಿತು. 1936ರಲ್ಲಿ ವಾಲಿ ಬಯಂ ಅವರ ಕಂಪನಿಯಿಂದ ಅಲ್ಯೂಮಿನಿಯಮ್ ಹೊದಿಕೆಯ, ಹೊಳೆಯುವ ಏರ್‌ಸ್ಟ್ರೀಮ್ ಕ್ಲಿಪ್ಪರ್ ಹೊರಬಂತು. ಆದರೆ ಆರ್ಥಿಕ ಕುಸಿತದ ಆ ದಿನಗಳಲ್ಲಿ, ಆಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಟ್ರೇಲರನ್ನೇ ಮನೆಯಾಗಿ ಮಾಡಿಕೊಂಡು ಕೆಲಸ ಸಿಕ್ಕ ಊರಿಗೆ ಎಳೆದುಕೊಂಡು ಹೋದವರೂ ಬಹಳ ಮಂದಿ. ವಿಹಾರಿಯ ಗಾಡಿಯೂ ಬಡವನ ಮನೆಯೂ ಕಾಯಿದೆಯ ಕಣ್ಣಿಗೆ ಒಂದೇ ಆಗಿತ್ತು, ಎರಡರ ಅಗಲವೂ 8 ಅಡಿ. ಅವೆರಡನ್ನು ಬೇರೆ ಮಾಡಿದ್ದು ಅಳತೆಯೇ. ವಿಸ್ಕಾನ್ಸಿನ್ ರಾಜ್ಯದ ಮಾರ್ಷ್‌ಫೀಲ್ಡಿನ ಎಲ್ಮರ್ ಫ್ರೇ ಎಂಬಾತ 1954ರಲ್ಲಿ 10 ಅಡಿ ಅಗಲದ ಮನೆ ಮಾಡಿ ಮಾರತೊಡಗಿದ. ಅದನ್ನು ರಸ್ತೆಗಿಳಿಸಲು ವಿಶೇಷ ಪರವಾನಗಿ ಬೇಕು. ಹಾಗಾಗಿ ಅದು ಒಮ್ಮೆ ಬಂದು ನಿಂತರೆ ನಿಂತಂತೆಯೇ. ಅದು ಮೊಬೈಲ್ ಹೋಮ್ ಎನಿಸಿಕೊಂಡಿತು, ಹೆಸರಿನಲ್ಲಷ್ಟೇ ಚಲನೆ! ಕಿರಿದಾಗಿ ಉಳಿದದ್ದು ಪ್ರವಾಸದ ಟ್ರೇಲರ್ ಆಯಿತು. ಅದೇ ವರ್ಷ ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ನಟಿಸಿದ 'ದಿ ಲಾಂಗ್, ಲಾಂಗ್ ಟ್ರೇಲರ್' ಚಲನಚಿತ್ರ ತೆರೆಕಂಡಿತು. ನವದಂಪತಿಗಳು ಭಾರಿ ಉದ್ದದ ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತುವ ಪ್ರಹಸನವದು. ಹೆಂಡತಿ ಹೋದಲ್ಲೆಲ್ಲ ಕಲ್ಲುಗಳನ್ನು ಆರಿಸಿ ಗಾಡಿಗೆ ತುಂಬುತ್ತಾಳೆ. (ನಮ್ಮ ಮನೆಯವರು ತೀರ್ಥಯಾತ್ರೆಯಿಂದ ಹಿತ್ತಾಳೆ ಪಾತ್ರೆ ತುಂಬಿಕೊಂಡು ಬಂದದ್ದು ನೆನಪಾಗಿ ನಗು ಬಂತು.)

ಇನ್ನು ಅಯೋವ ರಾಜ್ಯದ ಕಥೆ. ಉದ್ದದ ಮಿತಿಯ ಒಳಮರ್ಮ ಇದರಲ್ಲಿರುವಷ್ಟು ಬೇರೆಲ್ಲಿಯೂ ಇಲ್ಲ. 1956ರ ಕಾಯಿದೆಯಿಂದ ರಾಷ್ಟ್ರವ್ಯಾಪಿ ಅಂತರರಾಜ್ಯ ಹೆದ್ದಾರಿಗಳ ನಿರ್ಮಾಣಕ್ಕೆ ಕೇಂದ್ರದ ಹಣ ಹರಿದು ಬಂತು. ಆ ಕಾಯಿದೆ ಭಾರಕ್ಕೂ ಅಗಲಕ್ಕೂ ಮಿತಿ ಹೇಳಿತು, ಉದ್ದದ ಬಗ್ಗೆ ಮೌನವಾಗಿತ್ತು. 80ನೆಯ ಸಂಖ್ಯೆಯ ಹೆದ್ದಾರಿ ಪೂರ್ವ ಪಶ್ಚಿಮವಾಗಿ ಅಯೋವವನ್ನು ಹಾಯ್ದು ಹೋಗುತ್ತದೆ. ಪಶ್ಚಿಮ ಹಾಗೂ ಮಧ್ಯಪಶ್ಚಿಮದ ಉಳಿದ ರಾಜ್ಯಗಳೆಲ್ಲ ಎರಡು ಟ್ರೇಲರುಗಳನ್ನು ಎಳೆಯುವ 65 ಅಡಿಯ ಲಾರಿಗಳಿಗೆ ಒಪ್ಪಿಗೆ ಕೊಟ್ಟಿರುವಾಗ ಅಯೋವ ಮಾತ್ರ ಒಲ್ಲೆನೆಂದಿತು. ಸಾಮಾನ್ಯ ಲಾರಿಗೆ 55 ಅಡಿ. ಜೋಡಿ ಟ್ರೇಲರ್, ಮೊಬೈಲ್ ಹೋಮ್, ಬೇಸಾಯದ ಯಂತ್ರ ಹೊತ್ತ ಲಾರಿ, ದನಕರು ಸಾಗಿಸುವ ಲಾರಿ ಇವುಗಳಿಗೆ 60 ಅಡಿ. ಕನ್ಸಾಲಿಡೇಟೆಡ್ ಫ್ರೇಟ್‌ವೇಸ್ ಎಂಬ ಸರಕು ಸಾಗಣೆಯ ಕಂಪನಿ ತನ್ನ 65 ಅಡಿಯ ಲಾರಿಗಳನ್ನು ಒಂದೋ ಅಯೋವವನ್ನು ಬಳಸಿಕೊಂಡು ಓಡಿಸಬೇಕು, ಇಲ್ಲವೇ ಗಡಿಯಲ್ಲಿ ಟ್ರೇಲರುಗಳನ್ನು ಬಿಚ್ಚಿ ಒಂದೊಂದಾಗಿ ದಾಟಿಸಬೇಕು. ಕಂಪನಿ ನ್ಯಾಯಾಲಯಕ್ಕೆ ಹೋಯಿತು.

ರಾಜ್ಯದ ವಾದ ಸುರಕ್ಷತೆಯದು. ಉದ್ದನೆಯ ಗಾಡಿಯನ್ನು ಹಿಂದಿಕ್ಕಲು ಹೆಚ್ಚು ಹೊತ್ತು ಬೇಕು ಎಂಬುದು ನಿಜ. ಎಷ್ಟು ಹೆಚ್ಚು? ಹಳೆಯ ಅಭ್ಯಾಸ, ಲೆಕ್ಕ ಮಾಡಿಯೇ ನೋಡೋಣ. ಲಾರಿ ಗಂಟೆಗೆ 60 ಮೈಲಿ, ಕಾರು 70 ಮೈಲಿ ವೇಗದಲ್ಲಿವೆ. ವ್ಯತ್ಯಾಸ 10 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 14.7 ಅಡಿ. ಹೆಚ್ಚುವರಿ 5 ಅಡಿಯನ್ನು ದಾಟಲು ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು; ಅಷ್ಟರಲ್ಲಿ ಕಾರು ಸುಮಾರು 35 ಅಡಿ ಮುಂದೆ ಹೋಗಿರುತ್ತದೆ. ಎದುರಿನಿಂದ ವಾಹನ ಬರುವ ಇಕ್ಕಟ್ಟಿನ ರಸ್ತೆಯಲ್ಲಿ ಆ 35 ಅಡಿ ಸಾವು ಬದುಕಿನ ಪ್ರಶ್ನೆಯಾಗಬಹುದು. ಎರಡು ದಿಕ್ಕುಗಳೂ ಬೇರೆ ಬೇರೆಯಾದ ಹೆದ್ದಾರಿಯಲ್ಲಿ ಅದಕ್ಕೆ ಅಷ್ಟು ಮಹತ್ವವಿಲ್ಲ. ತಿರುವಿನಲ್ಲಂತೂ ಲೆಕ್ಕವೇ ತಿರುವುಮುರುವು. ತೇರು ರಥಬೀದಿಯ ಮೂಲೆಯಲ್ಲಿ ತಿರುಗುವಾಗ ಪಡುವ ಪಾಡು ನೀವೆಲ್ಲ ಕಂಡಿದ್ದೀರಿ. ಒಂದೇ ಉದ್ದನೆಯ ಟ್ರೇಲರಿನ ಹಿಂಗಾಲಿಗಳು ತಿರುವಿನ ಒಳಬದಿಗೆ ಬಹಳ ಕೊರೆದುಕೊಂಡು ಹೋಗುತ್ತವೆ. ನಡುವೆ ಮಡಚಿಕೊಳ್ಳುವ ಎರಡು ಗಿಡ್ಡ ಟ್ರೇಲರುಗಳು ಒಟ್ಟು ಉದ್ದ ಹೆಚ್ಚಿದ್ದರೂ ಹೆಚ್ಚು ಹದವಾಗಿ ತಿರುಗುತ್ತವೆ. 65 ಅಡಿಯ ಜೋಡಿ ಟ್ರೇಲರು 55 ಅಡಿಯ ಒಂಟಿಗಿಂತ ಅಪಾಯಕಾರಿಯಲ್ಲವೆಂದು ವಿಚಾರಣಾ ನ್ಯಾಯಾಲಯ ಕಂಡುಕೊಂಡಿತು.

ವಿನಾಯಿತಿಗಳ ಪಟ್ಟಿಯಂತೂ ಅಯೋವದ ಗುಟ್ಟನ್ನೇ ಹೊರಗೆಡಹಿತು. ಗಡಿಯಂಚಿನ ನಗರಗಳು ನೆರೆಯ ರಾಜ್ಯದ ಉದ್ದದ ಮಿತಿಯನ್ನು ತಮ್ಮಲ್ಲಿಯೂ ಜಾರಿಗೊಳಿಸಬಹುದಾಗಿತ್ತು. ಅಯೋವದಲ್ಲಿಯೇ ಲಾರಿ ತಯಾರಿಸುವವರು ಪರವಾನಗಿ ಪಡೆದು 70 ಅಡಿಯವರೆಗಿನವನ್ನು ಸಾಗಿಸಬಹುದಾಗಿತ್ತು. ಮಿತಿ ಮೀರಿದ ಮೊಬೈಲ್ ಹೋಮಿಗೂ ಪರವಾನಗಿ ದೊರೆಯುತ್ತಿತ್ತು, ಆದರೆ ಅದು ಅಯೋವದೊಳಗಿನಿಂದ ಹೊರಟದ್ದಾಗಿರಬೇಕು ಅಥವಾ ಅಯೋವದ ನಿವಾಸಿಗೆ ತಲುಪುವುದಾಗಿರಬೇಕು. ನಮ್ಮವನ ಮನೆ ಉದ್ದವಿದ್ದರೆ ಅಪಾಯವಿಲ್ಲ, ಹಾದು ಹೋಗುವವನ ಮನೆ ಉದ್ದವಿದ್ದರೆ ಅಪಾಯ! 1974ರಲ್ಲಿ ಶಾಸನಸಭೆ 65 ಅಡಿಗೆ ಒಪ್ಪಿಗೆಯಿತ್ತಾಗ ಗವರ್ನರ್ ರಾಬರ್ಟ್ ರೇ ಅದನ್ನು ತಡೆಹಿಡಿದರು. ಹೊರರಾಜ್ಯದ ಕಂಪನಿಗಳಿಗೆ ಲಾಭ, ನಮ್ಮ ಜನಕ್ಕೆ ತೊಂದರೆ ಎಂಬುದು ಅವರು ಕೊಟ್ಟ ಕಾರಣ. ಈ ನಿಯಮದಿಂದ ಸಾಗಣೆ ಕಂಪನಿಗಳಿಗೆ ವರ್ಷಕ್ಕೆ ಸುಮಾರು 1 ಕೋಟಿ 26 ಲಕ್ಷ ಡಾಲರ್ ಹೊರೆ ಬೀಳುತ್ತಿತ್ತು. 1981ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆರು ಮೂರರ ಬಹುಮತದಿಂದ ಅಯೋವದ ಮಿತಿಯನ್ನು ರದ್ದುಗೊಳಿಸಿತು. ಲಾರಿಗಳನ್ನು ನೆರೆಯವರ ರಸ್ತೆಗೆ ತಳ್ಳಿ ತನ್ನ ರಸ್ತೆಯನ್ನು ಮಾತ್ರ ಉಳಿಸಿಕೊಳ್ಳುವುದು ಸುರಕ್ಷತೆಯಾಗದು ಎಂದು ನ್ಯಾಯಮೂರ್ತಿ ಬ್ರೆನನ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಎತ್ತಿ ತೋರಿಸಿದರು. ಭಿನ್ನಮತದವರಾದ ರೆಂಕ್ವಿಸ್ಟ್ ಅವರ ಆಕ್ಷೇಪವೂ ಹಗುರವಾದದ್ದಲ್ಲ: ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ನೆರೆಯವರು ಹೆಚ್ಚು ಉದ್ದಕ್ಕೆ ಒಪ್ಪಿದರೆಂದು ನಾನೂ ಒಪ್ಪಬೇಕೆಂದಾದರೆ ರಾಜ್ಯದ ಅಧಿಕಾರಕ್ಕೆ ಅರ್ಥವೇನು?

ಮುಂದಿನದು ಬೇಗ ನಡೆಯಿತು. 1982ರ ಕೊನೆಯಲ್ಲಿ ಅಂಗೀಕಾರವಾಗಿ 1983ರ ಜನವರಿ 6ರಂದು ಅಧ್ಯಕ್ಷ ರೇಗನ್ ಅವರ ಸಹಿ ಪಡೆದ ಕಾಯಿದೆಯು ರಾಷ್ಟ್ರೀಯ ಹೆದ್ದಾರಿ ಜಾಲದಲ್ಲಿ 48 ಅಡಿಯ ಟ್ರೇಲರಿಗೂ, 28 ಅಡಿಯ ಜೋಡಿ ಟ್ರೇಲರುಗಳಿಗೂ ಯಾವ ರಾಜ್ಯವೂ ಅಡ್ಡಿ ಮಾಡಬಾರದೆಂದು ವಿಧಿಸಿತು. ಅವುಗಳ ಒಟ್ಟು ಉದ್ದಕ್ಕೆ ಮಿತಿ ಹಾಕುವ ಅಧಿಕಾರವೇ ರಾಜ್ಯಗಳ ಕೈ ತಪ್ಪಿತು. ಅದೇ ಕಾಯಿದೆ ಇಂಧನದ ಮೇಲಣ ತೆರಿಗೆಯನ್ನು ಗ್ಯಾಲನ್ನಿಗೆ 4 ಸೆಂಟಿನಿಂದ 9 ಸೆಂಟಿಗೆ ಏರಿಸಿತೆಂಬುದನ್ನು ಮರೆಯುವಂತಿಲ್ಲ. ಲಾರಿಯವರು ಹಣ ತೆತ್ತರು, ಉದ್ದ ಪಡೆದರು.

ಆ ಉದ್ದ ದೊರೆತದ್ದು ವಾಣಿಜ್ಯದ ವಾಹನಗಳಿಗೆ ಮಾತ್ರ. ರಜೆಯಲ್ಲಿ ಸಂಸಾರ ಕಟ್ಟಿಕೊಂಡು ಹೊರಟವನದು ವಾಣಿಜ್ಯವಲ್ಲವಷ್ಟೆ. ಅವನ ಟ್ರೇಲರನ್ನು ಕೇಂದ್ರದ ಕಾಯಿದೆ ಮುಟ್ಟಲಿಲ್ಲ, ಹಿಂದಿದ್ದಂತೆಯೇ ರಾಜ್ಯಗಳ ಕೈಯಲ್ಲಿ ಬಿಟ್ಟಿತು. ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಕಳೆದುಕೊಳ್ಳುವ ಕಂಪನಿ ವಕೀಲರನ್ನಿಟ್ಟು ಸುಪ್ರೀಂ ಕೋರ್ಟಿನವರೆಗೆ ಹೋಗುತ್ತದೆ. ವರ್ಷಕ್ಕೆ ಹದಿನೈದು ದಿನ ಓಡಾಡುವ ಸಂಸಾರಸ್ಥ ಐದಡಿಗಾಗಿ ಅಷ್ಟು ದೂರ ಹೋದಾನೆಯೇ? ಹೀಗಾಗಿ ಕೊಲರಾಡೊದ 70, ಕ್ಯಾಲಿಫೋರ್ನಿಯಾದ 65, ವಯೋಮಿಂಗಿನ 85 ಇವೆಲ್ಲ ಹಾಗೆಯೇ ನಿಂತಿವೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರಿಗೇ ಪ್ರತ್ಯೇಕವಾಗಿ 40 ಅಡಿಯ ಮಿತಿಯೂ ಇದೆ. ಟ್ರೇಲರಿನ ಹಿಂದೆ ಮತ್ತೊಂದು ದೋಣಿಯನ್ನೋ ಗಾಡಿಯನ್ನೋ ಕಟ್ಟಲು ಕೆಲವು ರಾಜ್ಯಗಳು ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಹೊರಡುವವರು ಹಾದು ಹೋಗುವ ಪ್ರತಿ ರಾಜ್ಯದ ನಿಯಮವನ್ನೂ ಆಯಾ ರಾಜ್ಯದ ಸಾರಿಗೆ ಇಲಾಖೆಯಿಂದಲೇ ಕೇಳಿ ತಿಳಿಯಬೇಕು. ಎಲ್ಲಕ್ಕಿಂತ ಚಿಕ್ಕ ಅಂಕಿ ಯಾವುದೋ ಅದೇ ಅವರ ಇಡೀ ಪ್ರಯಾಣದ ಮಿತಿ.

ಇಷ್ಟನ್ನೂ ನನ್ನ ವಿದ್ಯಾರ್ಥಿಗೆ ಸಂಕ್ಷೇಪವಾಗಿ ತಿಳಿಸಿ, ಮಾರಾಟದ ಹಾಳೆಯಲ್ಲಿ ಬರೆದ ಉದ್ದವನ್ನು ನಂಬಬೇಡ, ಮುಂದಿನ ಬಂಪರಿನಿಂದ ಹಿಂದಿನ ತುದಿಯವರೆಗೆ ನೀನೇ ಅಳೆದುಕೋ ಎಂದಿದ್ದೆ. ಮೊನ್ನೆ ಭಾನುವಾರ ಮತ್ತೆ ಮಾತಾಡಿದ. ಮಗಳು ಅಳತೆಪಟ್ಟಿಯ ಒಂದು ತುದಿ ಹಿಡಿದಳಂತೆ, ಇವನು ಇನ್ನೊಂದು ತುದಿ. ಹಿಂದೆ ಸೈಕಲ್ ತೂಗುಹಾಕುವ ಚೌಕಟ್ಟೂ ಸೇರಿ 58 ಅಡಿ 4 ಅಂಗುಲ ಬಂತಂತೆ.

ಬರುವ ಶುಕ್ರವಾರ ಹೊರಡುತ್ತಾರೆ.