ನಾಲ್ಕು ಸಾವಿರ ಪ್ರಬಂಧಗಳು ಕಲಿಸಿದ ಪಾಠ

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಹೋದಾಗ ಉತ್ತರಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ವಿಷಯ ಗೊತ್ತಿರುತ್ತದೆ, ಬರೆಯಲು ಕೈ ಏಳುವುದಿಲ್ಲ. ಇಂಥ ಮಕ್ಕಳ ಬರವಣಿಗೆಗೆ ವಿಶ್ವವಿದ್ಯಾಲಯವೇ ಆಸರೆಯಾಗಬೇಕು ಎಂಬ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದ ಊರು ನ್ಯೂಯಾರ್ಕ್. ಅದರ ಚರಿತ್ರೆಯನ್ನು ನಮ್ಮ ಅಧ್ಯಾಪಕರೂ ಪೋಷಕರೂ ತಿಳಿದಿರಬೇಕು.

1847ರಲ್ಲಿ ಸ್ಥಾಪನೆಯಾದ ಅಲ್ಲಿನ ಸಿಟಿ ಕಾಲೇಜು ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸುತ್ತಿತ್ತು. ಆದರೆ ಅಂಕಗಳ ಮಿತಿ ಬಿಗಿಯಾಗಿತ್ತು. ಕಾಲೇಜು ಇರುವುದು ಹಾರ್ಲೆಮ್‌ನಲ್ಲಿ. ಒಳಗೆ ಆ ಕೇರಿಯ ಕಪ್ಪು ಜನರ ಮಕ್ಕಳು ಮಾತ್ರ ತೀರ ಕಡಿಮೆ. 1969ರ ಏಪ್ರಿಲಿನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿನ ಒಂದು ಭಾಗವನ್ನು ಹಿಡಿದು ಹೋರಾಡಿದರು. ಮರುವರ್ಷ, 1970ರಲ್ಲಿ, ನಗರದ ಹೈಸ್ಕೂಲು ಪಾಸಾದ ಎಲ್ಲರಿಗೂ ನಗರ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಸೀಟು ಎಂಬ ನಿಯಮ ಬಂತು. ಹಾಗೆ ಬಂದವರಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮುಂತಾದ ಬೇರೆ ಭಾಷೆ ಆಡುವವರಿದ್ದರು. ಪುಸ್ತಕದ ಇಂಗ್ಲಿಷಿಗಿಂತ ಬೇರೆಯಾದ ಇಂಗ್ಲಿಷ್ ಆಡುವವರೂ ಇದ್ದರು.

ಇವರಿಗೆ ಬರವಣಿಗೆ ಕಲಿಸುವ ಹೊಣೆ ಹೊತ್ತವರು ಮೀನಾ ಶಾನೆಸ್ಸಿ. ಮೊದಲ ಪ್ರಬಂಧಗಳನ್ನು ಓದಿದಾಗ ಎಲ್ಲಿಂದ ಆರಂಭಿಸಬೇಕೆಂದೇ ಅವರಿಗೆ ತೋಚಲಿಲ್ಲ. 'ಇವರು ಕಾಲೇಜಿಗೆ ತಕ್ಕವರಲ್ಲ' ಎನ್ನುವ ಪ್ರಾಧ್ಯಾಪಕರು ಅಲ್ಲಿ ಬೇಕಾದಷ್ಟಿದ್ದರು. ಶಾನೆಸ್ಸಿಯವರು ಹಾಗೆ ಕೈಚೆಲ್ಲದೆ, 1970ರಿಂದ 1974ರವರೆಗೆ ವಿದ್ಯಾರ್ಥಿಗಳು ಬರೆದ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿದರು, ತಪ್ಪುಗಳನ್ನು ವಿಂಗಡಿಸಿದರು. ಅದರ ಫಲ 1977ರಲ್ಲಿ ಬಂದ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್' ಎಂಬ ಪುಸ್ತಕ.

ಅವರು ಕಂಡುಕೊಂಡದ್ದು ಇದು: ತಪ್ಪುಗಳು ದಡ್ಡತನದಿಂದ ಬಂದವಲ್ಲ, ಅವುಗಳಿಗೂ ಒಂದು ತರ್ಕವಿದೆ. ನಮ್ಮ ತರಗತಿಯಿಂದಲೇ ಉದಾಹರಣೆ ನೋಡಿ. 'ಐ ಡಿಡ್ ನಾಟ್ ವೆಂಟ್' ಎಂದು ಬರೆದ ಹುಡುಗಿಗೆ ಭೂತಕಾಲದ ನಿಯಮ ಗೊತ್ತಿದೆ. ಗೊತ್ತಿರುವುದರಿಂದಲೇ ಎರಡು ಕಡೆ ಹಾಕಿದ್ದಾಳೆ. 'ದಿ' ಬಿಟ್ಟುಬಿಡುವ ಹುಡುಗನ ಕನ್ನಡದಲ್ಲಿ ಅಂಥ ಪದವೇ ಇಲ್ಲ. ಬರೀ ಕೆಂಪು ಗೆರೆ ಎಳೆದರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ಇನ್ನೊಂದು ಕಾರಣವನ್ನೂ ಅವರು ಹೇಳಿದರು. ಅನುಕೂಲವಂತರ ಹೈಸ್ಕೂಲಿನ ಮಕ್ಕಳು ವಾರಕ್ಕೆ 350 ಪದ ಬರೆದಿದ್ದರೆ ಇವರು ಇಡೀ ಸೆಮಿಸ್ಟರಿಗೆ ಅಷ್ಟು ಬರೆದಿರಬಹುದು ಎಂಬುದು ಅವರ ಅಂದಾಜು. ಬರೆಯದವರಿಗೆ ಬರವಣಿಗೆ ಬರುವುದು ಹೇಗೆ? ತಪ್ಪಾದೀತೆಂಬ ಹೆದರಿಕೆಯಿಂದ ಅವರು ಇನ್ನೂ ಕಡಿಮೆ ಬರೆಯುತ್ತಿದ್ದರು.

ಅದೇ ವಿಶ್ವವಿದ್ಯಾಲಯದ ಬ್ರೂಕ್ಲಿನ್ ಕಾಲೇಜಿನಲ್ಲಿ ಕೆನೆತ್ ಬ್ರಫಿಯವರು ಬೇರೊಂದು ದಾರಿ ಹಿಡಿದರು. ವಿದ್ಯಾರ್ಥಿಗಳನ್ನೇ ತರಬೇತುಗೊಳಿಸಿ ಜೊತೆಯವರ ಬರಹ ಓದಲು ಕೂರಿಸಿದರು. ಮೇಷ್ಟ್ರ ಹತ್ತಿರ ಬರಲು ಅಂಜುವವರಿಗೆ ಇದು ಅನುಕೂಲವಾಯಿತು.

ಆದರೆ ಕಾಲ ಹಾಗೆಯೇ ಉಳಿಯಲಿಲ್ಲ. ನಗರದ ಬೊಕ್ಕಸ ಬರಿದಾಗಿ 1976ರಲ್ಲಿ ಉಚಿತ ಶಿಕ್ಷಣ ನಿಂತಿತು. 1978ರಲ್ಲಿ ಶಾನೆಸ್ಸಿಯವರು ಕ್ಯಾನ್ಸರಿನಿಂದ ತೀರಿಕೊಂಡರು. ತಪ್ಪುಗಳಿಗೇ ಅವರು ಹೆಚ್ಚು ಒತ್ತು ಕೊಟ್ಟರೆಂಬ ಟೀಕೆಯೂ ಮುಂದೆ ಬಂತು. 1999ರ ತೀರ್ಮಾನದಂತೆ ನಾಲ್ಕು ವರ್ಷದ ಪದವಿ ಕಾಲೇಜುಗಳಿಂದ ಇಂಥ ಪೂರಕ ತರಗತಿಗಳನ್ನು ತೆಗೆಯಲಾಯಿತು. ಬಾಗಿಲು ತೆರೆಸುವುದು ಎಷ್ಟು ಕಷ್ಟವೋ, ಅದನ್ನು ತೆರೆದೇ ಇಡುವುದೂ ಅಷ್ಟೇ ಕಷ್ಟ.

ಕಾಲೇಜುಗಳಲ್ಲಿ ಇಂಥ ಏರ್ಪಾಡು ಬೇಕೆಂದು ನಾವು ಕೇಳುತ್ತಲೇ ಇರಬೇಕು. ಅದು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ವಾರಕ್ಕೆ ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್ ಬರೆಸೋಣ. ಪ್ರತಿ ತಪ್ಪಿಗೂ ಗೆರೆ ಎಳೆಯದೆ, ಮತ್ತೆ ಮತ್ತೆ ಬರುವ ಒಂದು ತಪ್ಪನ್ನು ಹಿಡಿದು ಅದರ ಕಾರಣ ಹೇಳೋಣ. ಕಾಲೇಜು ಸೇರಿದ ನಮ್ಮ ಹಳೆ ವಿದ್ಯಾರ್ಥಿಗಳನ್ನು ಶನಿವಾರ ಕರೆಯೋಣ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ.