ನೆರೆಯ ಕಣವನ್ನು ಕದಲಿಸದ ಅಳತೆ



ಕ್ವಾಂಟಂ ಗಣಕಯಂತ್ರದ ಸುದ್ದಿ ಇಂದು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಅದರ ವೇಗವನ್ನು ಹೊಗಳುವವರು ಬಹಳ ಮಂದಿ. ಆದರೆ ಆ ಯಂತ್ರದ ಚರಿತ್ರೆಯಲ್ಲಿ ವಿಜ್ಞಾನಿಗಳ ನಿದ್ದೆಗೆಡಿಸಿದ, ಹೊರಗಿನವರ ಗಮನಕ್ಕೆ ಅಷ್ಟಾಗಿ ಬಾರದ ಪ್ರಶ್ನೆಯೊಂದಿದೆ. ಲೆಕ್ಕ ನಡೆಯುತ್ತಿರುವಾಗಲೇ ಒಂದು ಕಣವನ್ನು ಅಳೆದು, ಅದರ ಪಕ್ಕದ ಕಣಗಳನ್ನು ಕದಲಿಸದೆ ಬಿಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಸಾಮಾನ್ಯ ಗಣಕದ ಬಿಟ್ ಸೊನ್ನೆಯಾಗಿರುತ್ತದೆ, ಇಲ್ಲವೆ ಒಂದಾಗಿರುತ್ತದೆ. ಕ್ವಾಂಟಂ ಬಿಟ್, ಅಂದರೆ ಕ್ಯೂಬಿಟ್, ಎರಡೂ ಬೆರೆತ ಸ್ಥಿತಿಯಲ್ಲಿ ಇರಬಲ್ಲದು. ಅಳೆದೊಡನೆ ಆ ಬೆರಕೆ ಅಳಿದು ಎರಡರಲ್ಲೊಂದು ಮಾತ್ರ ಉಳಿಯುತ್ತದೆ. ಹಾಗಿದ್ದಲ್ಲಿ ಅಳತೆಯನ್ನು ಲೆಕ್ಕದ ಕೊನೆಗೆ ಇರಿಸಿಕೊಳ್ಳುವುದೇ ಕ್ಷೇಮವಲ್ಲವೇ, ನಡುವೆ ಅಳೆಯುವ ಪ್ರಮೇಯವೇಕೆ ಎಂದು ನೀವು ಕೇಳಬಹುದು.

ಕಾರಣ, ಲೆಕ್ಕದ ನಡುವೆ ನುಸುಳುವ ದೋಷಗಳು. ಕ್ಯೂಬಿಟ್ ಅತಿ ಸೂಕ್ಷ್ಮವಾದುದು. ಹೊರಗಿನ ಅಲ್ಪ ಸೋಂಕೂ ಅದನ್ನು ಕೆಡಿಸುತ್ತದೆ. ಮುಂಜಾಗ್ರತೆಗೆಂದು ನಕಲು ತೆಗೆದಿಡೋಣವೆಂದರೆ, ಅಜ್ಞಾತ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದೆಂಬುದು 1982ರಲ್ಲೇ ಸಿದ್ಧವಾಗಿತ್ತು. ಈ ಬಿಕ್ಕಟ್ಟಿನಿಂದ ದಾರಿ ತೋರಿಸಿದವರು ಅಮೆರಿಕೆಯ ಬೆಲ್ ಪ್ರಯೋಗಾಲಯದ ಪೀಟರ್ ಶೋರ್. 1995ರಲ್ಲಿ ಅವರು ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಒಂಬತ್ತು ಕ್ಯೂಬಿಟ್‌ಗಳಲ್ಲಿ ಹರಡಿ ಕಾಪಾಡುವ ವಿಧಾನವನ್ನು ಪ್ರಕಟಿಸಿದರು. ಆಕ್ಸ್‌ಫರ್ಡಿನ ಆಂಡ್ರ್ಯೂ ಸ್ಟೀನ್ ಮರುವರ್ಷವೇ ಏಳರಲ್ಲಿ ಅದು ಸಾಧ್ಯವೆಂದು ತೋರಿಸಿದರು. ಇಂತಹ ವಿಧಾನಗಳಲ್ಲಿ ಯಾವ ಕಣವನ್ನೂ ‘ನೀನು ಸೊನ್ನೆಯೋ ಒಂದೋ’ ಎಂದು ಕೇಳುವುದಿಲ್ಲ. ‘ನೀವು ಒಂದೇ ತೆರನಾಗಿದ್ದೀರೋ, ಬೇರೆಯಾಗಿದ್ದೀರೋ’ ಎಂದಷ್ಟೇ ಕೇಳುತ್ತಾರೆ. ಉತ್ತರವನ್ನು ಸಹಾಯಕ ಕ್ಯೂಬಿಟ್ ಒಂದಕ್ಕೆ ಸಾಗಿಸಿ, ಅದನ್ನು ಮಾತ್ರ ಅಳೆಯುತ್ತಾರೆ. ಲೆಕ್ಕದುದ್ದಕ್ಕೂ ಇದು ಮತ್ತೆ ಮತ್ತೆ ನಡೆಯಬೇಕು. ಸಹಾಯಕನನ್ನು ಅಳೆಯುವಾಗ ಪಕ್ಕದವರು ಕೆಟ್ಟರೆ ದೋಷ ತಿದ್ದುವ ಕೆಲಸವೇ ದೋಷದ ಮೂಲವಾಗುತ್ತದೆ.

ಇನ್ನು ಅಳತೆಯ ಕಥೆಗೆ ಬರೋಣ. ಒಂಟಿ ಎಲೆಕ್ಟ್ರಾನ್ ಅಥವಾ ಒಂಟಿ ಪರಮಾಣುವಿನ ಮೇಲೆ ನಾವು ಎಂದೂ ಪ್ರಯೋಗ ನಡೆಸುವುದಿಲ್ಲವೆಂದು ಎರ್ವಿನ್ ಶ್ರೋಡಿಂಗರ್ 1952ರಲ್ಲಿ ಬರೆದಿದ್ದರು. ಅದೇ ದಶಕದಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವೋಲ್ಫ್‌ಗಾಂಗ್ ಪೌಲ್ ಅವರು ವಿದ್ಯುತ್ ಕ್ಷೇತ್ರದಿಂದ ಅಯಾನುಗಳನ್ನು ನಿರ್ವಾತದಲ್ಲಿ ಹಿಡಿದಿಡುವ ಬೋನನ್ನು ರೂಪಿಸಿದರು. 1980ರಲ್ಲಿ ಹೈಡೆಲ್‌ಬರ್ಗಿನಲ್ಲಿ ಒಂಟಿ ಬೇರಿಯಂ ಅಯಾನು ಛಾಯಾಚಿತ್ರಕ್ಕೆ ಸಿಕ್ಕಿತು. ಅದರ ಸ್ಥಿತಿಯನ್ನು ಓದುವ ಉಪಾಯವನ್ನು ಹ್ಯಾನ್ಸ್ ಡೆಮೆಲ್ಟ್ 1975ರಲ್ಲೇ ಸೂಚಿಸಿದ್ದರು. ಅಯಾನು ಒಂದು ಸ್ಥಿತಿಯಲ್ಲಿದ್ದರೆ ಲೇಸರ್ ಬೆಳಕಿಗೆ ಹೊಳೆಯುತ್ತದೆ. ಇನ್ನೊಂದರಲ್ಲಿದ್ದರೆ, ಅಟ್ಟದ ಮೇಲೆ ಎತ್ತಿಟ್ಟ ಪಾತ್ರೆಯಂತೆ, ಆ ಬೆಳಕಿಗೆ ಸಿಗದೆ ಕತ್ತಲಾಗಿಯೇ ಉಳಿಯುತ್ತದೆ. 1986ರಲ್ಲಿ ಸಿಯಾಟಲ್, ಹ್ಯಾಂಬರ್ಗ್ ಮತ್ತು ಬೌಲ್ಡರ್ ನಗರಗಳ ಮೂರು ತಂಡಗಳು ಒಂಟಿ ಅಯಾನು ಹೀಗೆ ಹೊಳೆದು ಆರುವುದನ್ನು ಕಂಡವು. ಪೌಲ್ ಮತ್ತು ಡೆಮೆಲ್ಟ್ 1989ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಒಂದನ್ನು ಓದುವ ಸಮಸ್ಯೆ ಹೀಗೆ ಬಗೆಹರಿಯಿತು. ಆದರೆ ಲೆಕ್ಕಕ್ಕೆ ಹಲವು ಅಯಾನುಗಳು ಸಾಲಾಗಿ ನಿಲ್ಲಬೇಕು, ಅವುಗಳ ನಡುವಣ ಅಂತರ ಐದಾರು ಮೈಕ್ರಾನ್ ಮಾತ್ರ. ಹೊಳೆಯುವ ಅಯಾನು ಸೆಕೆಂಡಿಗೆ ಕೋಟಿಗಟ್ಟಲೆ ಫೋಟಾನ್‌ಗಳನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಅವುಗಳಲ್ಲಿ ಒಂದನ್ನು ಪಕ್ಕದ ಅಯಾನು ಹೀರಿಕೊಂಡರೂ ಸಾಕು, ಅದರ ಬೆರಕೆ ಸ್ಥಿತಿ ಹಾಳಾಗುತ್ತದೆ. ನಮ್ಮ ತರಗತಿಯ ಬೆಂಚನ್ನು ನೆನಪಿಸಿಕೊಳ್ಳಿ. ಒಬ್ಬ ಹುಡುಗನನ್ನು ಪ್ರಶ್ನೆ ಕೇಳಿದರೆ ಅವನ ಉತ್ತರ ಇಡೀ ಬೆಂಚಿಗೆ ಕೇಳಿಸುತ್ತದೆ. ಆಮೇಲೆ ಪಕ್ಕದವನು ಕೊಡುವ ಉತ್ತರ ಅವನ ಸ್ವಂತದ್ದಾಗಿ ಉಳಿಯುವುದಿಲ್ಲ.

ಇದಕ್ಕೆ ಎರಡು ಪರಿಹಾರಗಳು 2004ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದುದು ಈ ಚರಿತ್ರೆಯ ಸ್ವಾರಸ್ಯ. ಎರಡು ತಂಡಗಳೂ ಒಂದು ಅಯಾನಿನ ಸ್ಥಿತಿಯನ್ನು ಇನ್ನೊಂದಕ್ಕೆ ವರ್ಗಾಯಿಸುವ ಪ್ರಯೋಗದಲ್ಲಿ ತೊಡಗಿದ್ದವು. ಮೂರು ಅಯಾನುಗಳಲ್ಲಿ ಎರಡನ್ನು ನಡುವೆಯೇ ಅಳೆದು, ಆ ಫಲಿತಾಂಶಕ್ಕೆ ತಕ್ಕಂತೆ ಮೂರನೆಯದನ್ನು ತಿದ್ದಬೇಕಿತ್ತು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರೈನರ್ ಬ್ಲಾಟ್ ಅವರ ತಂಡ ಕ್ಯಾಲ್ಸಿಯಂ ಅಯಾನುಗಳನ್ನು ಬಳಸಿ, ಮೂರನೆಯ ಅಯಾನನ್ನು ಅಳತೆಯ ಬೆಳಕು ತಾಕದ ಶಕ್ತಿಸ್ತರಗಳಲ್ಲಿ ಅಡಗಿಸಿಟ್ಟಿತು. ಡೆಮೆಲ್ಟರ ಅಟ್ಟವೇ ಇಲ್ಲಿ ನೆರೆಯವನ ಆಶ್ರಯವಾಯಿತು. ಬೌಲ್ಡರ್‌ನಲ್ಲಿ ಡೇವಿಡ್ ವೈನ್‌ಲ್ಯಾಂಡ್ ಅವರ ತಂಡ ಬೆರಿಲಿಯಂ ಅಯಾನುಗಳನ್ನು ಬಳಸಿತು. ಬೋನನ್ನು ಹಲವು ಕೋಣೆಗಳಾಗಿ ವಿಭಾಗಿಸಿ, ವೋಲ್ಟೇಜ್ ಬದಲಿಸುತ್ತ ಅಯಾನುಗಳನ್ನು ಬೇರ್ಪಡಿಸಿ ದೂರ ಸರಿಸಿತು. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿದರು, ಇನ್ನೊಬ್ಬರು ಬೇರೆ ಕೋಣೆಗೆ ಕಳುಹಿಸಿದರು ಎನ್ನೋಣ. ಸರಾಸರಿ ನಿಷ್ಠೆ ಇನ್ಸ್‌ಬ್ರುಕ್‌ನಲ್ಲಿ ಶೇಕಡಾ 75, ಬೌಲ್ಡರ್‌ನಲ್ಲಿ ಶೇಕಡಾ 78. ಕ್ವಾಂಟಂ ನಂಟಿನ ನೆರವಿಲ್ಲದೆ ಮೂರರಲ್ಲಿ ಎರಡು ಪಾಲನ್ನು, ಅಂದರೆ ಶೇಕಡಾ 67ನ್ನು, ದಾಟಲಾಗದೆಂಬುದನ್ನು ನೆನೆದರೆ ಆ ಗೆಲುವಿನ ಬೆಲೆ ತಿಳಿಯುತ್ತದೆ.

ಮೂರನೆಯ ಉಪಾಯ ಬೇರೆ ಜಾತಿಯ ಅಯಾನನ್ನು ಸಹಾಯಕನನ್ನಾಗಿ ನಿಲ್ಲಿಸುವುದು. ಕ್ಯಾಲ್ಸಿಯಂ ಹೊಳೆಯುವುದು 397 ನ್ಯಾನೊಮೀಟರ್ ಬೆಳಕಿನಲ್ಲಿ, ಬೆರಿಲಿಯಂ 313ರಲ್ಲಿ. ಒಂದರ ಬೆಳಕನ್ನು ಇನ್ನೊಂದು ಬಹುಮಟ್ಟಿಗೆ ಲೆಕ್ಕಿಸುವುದೇ ಇಲ್ಲ. 2018ರಲ್ಲಿ ಜ್ಯೂರಿಕ್‌ನ ತಂಡವೊಂದು ಎರಡು ಬೆರಿಲಿಯಂ ಅಯಾನುಗಳ ಸಂಬಂಧವನ್ನು ಕ್ಯಾಲ್ಸಿಯಂ ಮೂಲಕ ಪದೇ ಪದೇ ಓದಿ, ಓದಿದಂತೆಲ್ಲ ತಿದ್ದಿ, 50 ಸುತ್ತುಗಳವರೆಗೆ ಕಾಪಾಡಿತು.

ಅತಿವಾಹಕ ಮಂಡಲಗಳ ಯಂತ್ರಗಳಲ್ಲಿ ಕ್ಯೂಬಿಟ್‌ಗಳನ್ನು ಸರಿಸಲಾಗದು. ಅಲ್ಲಿ ಪ್ರತಿಯೊಂದು ಕ್ಯೂಬಿಟ್‌ಗೂ ತನ್ನದೇ ಆವರ್ತದ ಅನುರಣಕವನ್ನು ಜೋಡಿಸಿ, ಸೂಕ್ಷ್ಮತರಂಗಗಳಿಂದ ಬೇರೆ ಬೇರೆಯಾಗಿ ಓದುತ್ತಾರೆ. ಗೂಗಲ್ ಸಂಸ್ಥೆಯ 105 ಕ್ಯೂಬಿಟ್‌ಗಳ ‘ವಿಲೋ’ ಇಂಥದ್ದು. ಅದರಲ್ಲಿ ಸುಮಾರು ಮೈಕ್ರೊಸೆಕೆಂಡಿಗೊಮ್ಮೆ ಸಹಾಯಕರ ಅಳತೆ ನಡೆಯುತ್ತದೆ. ಕಾಪಾಡುವ ಜಾಲವನ್ನು ಒಂದೊಂದು ಹಂತ ಹಿಗ್ಗಿಸಿದಂತೆ ದೋಷ ಅರ್ಧಕ್ಕಿಂತಲೂ ಕೆಳಗಿಳಿಯುವುದು 2024ರಲ್ಲಿ ಅದರಲ್ಲಿ ಕಂಡುಬಂತು. ಹಾರ್ವರ್ಡಿನ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಯಂತ್ರದಲ್ಲಾದರೋ ತಟಸ್ಥ ಪರಮಾಣುಗಳನ್ನು ಲೇಸರ್ ಚಿಮಟದಿಂದ ಎತ್ತಿ, ಓದುವುದಕ್ಕೆಂದೇ ಮೀಸಲಾದ ವಲಯಕ್ಕೆ ಒಯ್ಯುತ್ತಾರೆ. ಇದು ಬೌಲ್ಡರ್ ಪದ್ಧತಿಯ ಮುಂದುವರಿಕೆಯೇ ಸರಿ.

ಕೆಲಸ ಮುಗಿದಿಲ್ಲ. ಅಯಾನುಗಳಲ್ಲಿ ಅಳತೆ ಇನ್ನೂ ನಿಧಾನ. ಅತಿವಾಹಕಗಳಲ್ಲಿ ಓದುವ ಸಂಕೇತ ಅಕ್ಕಪಕ್ಕಕ್ಕೆ ಸೋರುವ ತೊಂದರೆ ಪೂರ್ತಿ ನೀಗಿಲ್ಲ. ಕ್ಯೂಬಿಟ್‌ಗಳು ಲಕ್ಷ ಸಂಖ್ಯೆಗೆ ಏರಿದಾಗ ಸಹಾಯಕರನ್ನು ಓದುವ ಕೆಲಸವೇ ಯಂತ್ರದ ಬಹುಪಾಲು ದುಡಿಮೆಯಾಗಲಿದೆ. ನಿಮ್ಮಲ್ಲಿ ಭೌತಶಾಸ್ತ್ರ ಓದುತ್ತಿರುವ ಮಕ್ಕಳಿರುವವರು ಇದನ್ನು ಅವರಿಗೆ ತೋರಿಸಿರಿ. ಉತ್ತರವನ್ನು ಪಡೆಯುವುದಕ್ಕಿಂತ, ಕೇಳಬಾರದುದನ್ನು ಕೇಳದೆ ಬಿಡುವುದಕ್ಕೆ ವಿಜ್ಞಾನ ಹೆಚ್ಚು ಬುದ್ಧಿ ವ್ಯಯಿಸಿದ ಪ್ರಸಂಗಗಳು ವಿರಳ. ಎಳೆಯರು ಇದನ್ನು ಅರಿಯಬೇಕೆಂಬುದು ನನ್ನ ಆಶಯ.